ಬಾಯಿ ಮುಚ್ಚಿಸುವ ಬಟನ್ ಎಲ್ಲುಂಟು?

ನನ್ನ ಆಫೀಸ್ ಲ್ಯಾಪ್‌ಟಾಪಿಗೆ ಬಾಯಿ ಬಂದದ್ದು ಒಂದು ಗುರುವಾರ. ಬೆಳಿಗ್ಗೆ ಅಪ್‌ಡೇಟ್ ಮಾಡ್ಲಾ ಅಂತ ಕೇಳಿತು, ಎಲ್ಲರ ಹಾಗೆ ನಾನೂ ಓದದೆ ಓಕೆ ಒತ್ತಿದೆ. ಹತ್ತೂವರೆಯ ಮೀಟಿಂಗಿನಲ್ಲಿ ನಾನು ಗಂಭೀರವಾಗಿ ಎಂತದೋ ವಿವರಿಸುತ್ತಿರುವಾಗ ಒಬ್ಬ ಅಮೆರಿಕನ್ ಹೆಂಗಸು ನಡುವೆ ಬಾಯಿ ಹಾಕಿದಳು. ಫೈನಾನ್ಸಿನವರಿಂದ ಹೊಸ ಮೇಲ್ ಬಂದಿದೆ, ವಿಷಯ: ಟ್ರಾವೆಲ್ ಕ್ಲೈಮ್ ರಿಜೆಕ್ಟೆಡ್. ಹನ್ನೊಂದು ಜನ ನಕ್ಕರು. ನಾನೂ ನಕ್ಕೆ. ಬೆಂಗಳೂರಿಗೆ ಹೋಗಿ ಬಂದ ಬಸ್ಸಿನ ದುಡ್ಡು ಹೋಯಿತು ಎನ್ನುವುದು ನನಗಿಂತ ಮೊದಲು ಟೀಮಿಗೆ ಗೊತ್ತಾಯಿತು, ಅಷ್ಟೆ.

ಆ ಮೇಲ್ ಪ್ರೋಗ್ರಾಮಿನ ಹೆಸರು ಹೇಳುವುದಿಲ್ಲ. ಹೇಳಿದರೆ ಇದು ಒಂದು ಕಂಪೆನಿಯ ಮೇಲಿನ ದೂರಾಗುತ್ತದೆ, "ಬೇರೆಯದ್ದು ಹಾಕಿಕೊಳ್ಳಿ ಮಾರಾಯ್ರೆ" ಎಂಬ ಸಲಹೆ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ನನ್ನ ಜಗಳ ಅಷ್ಟು ಸಣ್ಣದಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಸೆಟ್ಟಿಂಗ್ಸ್ ಹುಡುಕಿದೆ. "ಸದ್ದು ಮಾಡು" ಅಂತ ಒಂದು ಟಿಕ್ ಇತ್ತು, ತೆಗೆದೆ. ಟಿಂಗ್ ಎನ್ನುವ ಗಂಟೆ ಹೋಯಿತು, ಹೆಂಗಸು ಹೋಗಲಿಲ್ಲ. ಅವಳು ಬೇರೆ ಇಲಾಖೆ. ಮೂರು ಮೆನು ಇಳಿದು ಇನ್ನೊಂದು ಟಿಕ್ ತೆಗೆದೆ, ಅದು ಆಫೀಸಿನ ಅಕೌಂಟಿಗೆ ಮಾತ್ರ ಅನ್ವಯ ಎಂದು ಆಮೇಲೆ ಗೊತ್ತಾದದ್ದು. ಅದೇ ಪ್ರೋಗ್ರಾಮಿಗೆ ನನ್ನ ಸ್ವಂತ ಮೇಲ್ ಅಕೌಂಟನ್ನೂ ಸೇರಿಸಿದ್ದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಆ ವಾರ ರಿಲೀಸ್ ಇತ್ತು, ಅಷ್ಟಕ್ಕೇ ಬಿಟ್ಟೆ.

ಶನಿವಾರ ಸಂಜೆ. ಬಿಜೈಯ ನಮ್ಮ ಫ್ಲಾಟು. ಅಮ್ಮನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಲ್ಯಾಪ್‌ಟಾಪಿಗೆ ಬ್ಲೂಟೂತ್ ಸ್ಪೀಕರ್ ಜೋಡಿಸಿ ತಾಳಮದ್ದಳೆ ಹಾಕಿ ಕೊಡುವುದು ನಮ್ಮ ಮನೆಯ ಶನಿವಾರದ ಪದ್ಧತಿ. ಶೇಣಿ ಗೋಪಾಲಕೃಷ್ಣ ಭಟ್ಟರ ಹಳೆಯದೊಂದು ರೆಕಾರ್ಡಿಂಗ್ ಓಡುತ್ತಿತ್ತು. ನಾನು ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದೆ. ಶೇಣಿಯವರ ದನಿ ಇದ್ದಕ್ಕಿದ್ದಂತೆ ತಗ್ಗಿತು. ಹೀಗೆ ಓಡುತ್ತಿರುವ ಆಡಿಯೋವನ್ನು ತಗ್ಗಿಸಿ ತಾನು ಮಾತಾಡುವುದಕ್ಕೆ ನಮ್ಮ ಕಸುಬಿನಲ್ಲಿ ಡಕಿಂಗ್ ಎನ್ನುತ್ತಾರೆ. ಆಮೇಲೆ ಆ ಹೆಂಗಸು, ಹಾಲ್ ತುಂಬ, ಒಂದು ಲ್ಯಾಬೊರೇಟರಿಯ ಹೆಸರನ್ನು ಹೇಳಿದಳು. ಅದರ ಹಿಂದೆಯೇ ಅಮ್ಮನ ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಅದರ ಹಿಂದೆ "ಬಯಾಪ್ಸಿ ರಿಪೋರ್ಟ್".

ಶೇಣಿಯವರು ಮತ್ತೆ ಶುರು ಮಾಡಿದರು.

ಅಮ್ಮನ ಕುತ್ತಿಗೆಯಲ್ಲಿ ಒಂದು ಸಣ್ಣ ಗಂಟು ಇತ್ತು. ಡಾಕ್ಟರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ನಾವು, ಅಂದರೆ ಅಕ್ಕ ಮತ್ತು ನಾನು, ಅಮ್ಮನಿಗೆ "ಒಂದು ಸಣ್ಣ ಟೆಸ್ಟ್" ಅಂತಷ್ಟೇ ಹೇಳಿದ್ದೆವು. ರಿಪೋರ್ಟ್ ಬಂದ ಮೇಲೆ ಮೊದಲು ನಾವು ಓದಿ, ಡಾಕ್ಟರ ಹತ್ತಿರ ಮಾತಾಡಿ, ಆಮೇಲೆ ಕೂತು ಹೇಳುವುದು ಎಂದು ತೀರ್ಮಾನ. ಅಮ್ಮ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆದರೆ ಮಂಗಳೂರಿನಲ್ಲಿ ನಲುವತ್ತು ವರ್ಷ ಇದ್ದವರಿಗೆ ಬಯಾಪ್ಸಿ ಎನ್ನುವುದು ಇಂಗ್ಲಿಷ್ ಶಬ್ದ ಅಲ್ಲ. ಇಷ್ಟು ಆಸ್ಪತ್ರೆ, ಇಷ್ಟು ಮೆಡಿಕಲ್ ಕಾಲೇಜು ಇರುವ ಊರು ಇದು. ಕಣ್ಣೂರು ಕಾಸರಗೋಡಿನಿಂದ, ಆಚೆ ಚಿಕ್ಕಮಗಳೂರಿನಿಂದ ಬಂದ ನೆಂಟರನ್ನು ವಾರ್ಡಿನಲ್ಲಿ ನೋಡಿ ಬಂದ ಯಾವ ಹೆಂಗಸಿಗೂ ಆ ಶಬ್ದದ ಹಿಂದೆ ಏನು ಬರುತ್ತದೆ ಎಂದು ಗೊತ್ತುಂಟು.

ನಾನು ಹೊರಗೆ ಬಂದಾಗ ಅಮ್ಮ ಸ್ಪೀಕರನ್ನೇ ನೋಡುತ್ತಿದ್ದರು. "ಅದು ಎಂತ ಹೇಳಿದ್ದು? ನನ್ನ ಹೆಸರು ಹೇಳಿದ್ದಲ್ವಾ?" ಅಂದರು.

ರಿಪೋರ್ಟಿನ ಪಿಡಿಎಫ್‌ಗೆ ಪಾಸ್‌ವರ್ಡ್ ಇತ್ತು! ಒಳಗಿನದ್ದು ಅಷ್ಟು ಗುಟ್ಟು, ಆದರೆ ಹೆಸರೂ ಕಾಯಿಲೆಯ ಅನುಮಾನವೂ ಸಬ್ಜೆಕ್ಟ್ ಲೈನಿನಲ್ಲಿ ಬಹಿರಂಗ. ಪಾಸ್‌ವರ್ಡ್ ಯಾವುದೆಂದು ತಿಳಿಯಲು ಲ್ಯಾಬಿಗೆ ಫೋನ್ ಮಾಡಿ, ಅವರು ಎತ್ತಿ, ತೆರೆದು, ಡಾಕ್ಟರಿಗೆ ವಾಟ್ಸಾಪ್ ಮಾಡಿ, ಅವರು ನೋಡಿ ಹೇಳುವಾಗ ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆ ಅಮ್ಮ ತಾಳಮದ್ದಳೆ ನಿಲ್ಲಿಸಲಿಲ್ಲ, ಕೇಳಲೂ ಇಲ್ಲ. ಗಂಟಿನಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ.

ಸೋಮವಾರ ಇದನ್ನು ಆಫೀಸಿನಲ್ಲಿ ಹೇಳಿದಾಗ ಒಬ್ಬ ಅಂದ: "ಎಂತ ಇರ್ಲಿಲ್ಲ ಅಲ್ವಾ ಮಾರಾಯ, ಬಿಡು." ಇನ್ನೊಬ್ಬಳು ಅಂದಳು: "ನಿಮ್ಮ ಅಮ್ಮನ ರಿಪೋರ್ಟ್ ನಿಮ್ಮ ಅಮ್ಮನಿಗೆ ಗೊತ್ತಾದ್ರೆ ತಪ್ಪೆಂತ?" ಎರಡನೆಯ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ. ಅವಳು ಹೇಳಿದ್ದರಲ್ಲಿ ಸತ್ಯ ಉಂಟು. ನಾವು ಮುಚ್ಚಿಟ್ಟದ್ದೇ ತಪ್ಪಿರಬಹುದು. ಅಮ್ಮನಿಗೆ ಮೊದಲೇ ನೇರ ಹೇಳಬೇಕಿತ್ತೇನೋ. ಆದರೆ ಆ ವಾದ ಅಕ್ಕ, ನಾನು, ಅಮ್ಮ ಮೂವರೊಳಗೆ ಆಗಬೇಕಾದದ್ದು. ಅದಕ್ಕೆ ನಾಲ್ಕನೆಯವರನ್ನು, ಅದೂ ಮನೆಯ ಯಾವ ಮುಖವನ್ನೂ ಕಾಣದ ಒಂದು ಪ್ರೋಗ್ರಾಮನ್ನು, ನಾವು ಕರೆದಿರಲಿಲ್ಲ.

ನನ್ನ ಸೋದರಮಾವ ಪುತ್ತೂರಿನ ಕಡೆ ಪೋಸ್ಟ್‌ಮ್ಯಾನ್ ಆಗಿದ್ದರು. ಟೆಲಿಗ್ರಾಮ್ ಇದ್ದ ಕಾಲ. ಸಾವಿನ ಸುದ್ದಿಯ ತಂತಿ ಬಂದರೆ ಅವರು ಗೇಟಿನಿಂದ "ಪೋಸ್ಟ್" ಅಂತ ಕೂಗುತ್ತಿರಲಿಲ್ಲವಂತೆ. ಒಳಗೆ ಹೋಗಿ, ಜಗಲಿಯಲ್ಲಿ ಕೂತು, ಒಂದು ಚೆಂಬು ನೀರು ಕೇಳಿ ಕುಡಿದು, ಮನೆಯಲ್ಲಿ ಗಟ್ಟಿ ಮನುಷ್ಯ ಯಾರೆಂದು ನೋಡಿ ಅವರನ್ನು ಅಂಗಳಕ್ಕೆ ಕರೆದು ಕೊಡುತ್ತಿದ್ದರಂತೆ. ಯಾರೂ ಅವರಿಗೆ ಇದನ್ನು ಕಲಿಸಿರಲಿಲ್ಲ. ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಮಾವನಿಗೆ ಗೊತ್ತಿದ್ದ ಸಂಗತಿ ಇಷ್ಟೇ: ಸುದ್ದಿ ಮುಟ್ಟಿಸುವುದು ಬೇರೆ, ಸಾರುವುದು ಬೇರೆ.

ಇದೇ ವ್ಯತ್ಯಾಸ ಕಂಪ್ಯೂಟರಿನವರಿಗೂ ಮೊದಲು ಗೊತ್ತಿತ್ತು. ಮೇಲ್ ಬಂತೆಂದು ಬಾಯಿಬಿಟ್ಟು ಹೇಳಿದ ಅತ್ಯಂತ ಪ್ರಸಿದ್ಧ ದನಿ ಅಮೆರಿಕದ ಎಒಎಲ್‌ನದ್ದು. 1989ರಲ್ಲಿ ಎಲ್ವುಡ್ ಎಡ್ವರ್ಡ್ಸ್ ಎಂಬವರು ಮನೆಯಲ್ಲೇ ಒಂದು ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿ ಕೊಟ್ಟ ಮೂರು ಶಬ್ದ, "ಯೂವ್ ಗಾಟ್ ಮೇಲ್". ಅದಕ್ಕೆ ಅವರಿಗೆ ಸಿಕ್ಕಿದ್ದು 200 ಡಾಲರ್. 1998ರಲ್ಲಿ ಅದೇ ಹೆಸರಿನಲ್ಲಿ ಸಿನಿಮಾ ಕೂಡ ಬಂತು. ಎಡ್ವರ್ಡ್ಸ್ 2024ರಲ್ಲಿ ತೀರಿಕೊಂಡರು. ಅವರ ದನಿ ಯಾರ ಮೇಲ್, ಎಂತ ಮೇಲ್ ಅಂತ ಒಂದು ದಿನವೂ ಹೇಳಲಿಲ್ಲ. ಗೇಟಿನ ಹತ್ತಿರ ಸೈಕಲ್ ಬೆಲ್ ಹೊಡೆದ ಹಾಗೆ. ನಮ್ಮ ಕಾಲದ ಸೈಬರ್ ಕೆಫೆಗಳಲ್ಲಿ ಅವಾಸ್ಟ್ ಆಂಟಿವೈರಸ್‌ನ ಹೆಂಗಸು ಇದ್ದಳು, ನೆನಪುಂಟಾ? ಎಲ್ಲರೂ ಮೌನವಾಗಿ ರಿಸಲ್ಟ್ ನೋಡುತ್ತಿರುವಾಗ "ವೈರಸ್ ಡೇಟಾಬೇಸ್ ಹ್ಯಾಸ್ ಬೀನ್ ಅಪ್‌ಡೇಟೆಡ್" ಎಂದು ಗಂಭೀರವಾಗಿ ಘೋಷಿಸಿ ಕುರ್ಚಿಯಿಂದ ಹಾರುವ ಹಾಗೆ ಮಾಡುತ್ತಿದ್ದಳು. ಕಿರಿಕಿರಿ ಹೌದು. ಆದರೆ ಅವಳು ಮಾತಾಡಿದ್ದು ಅವಳ ವಿಷಯ. ನನ್ನ ವಿಷಯ ಅಲ್ಲ.

ಈಗ ಬಂದಿರುವುದು ಮೂರನೆಯ ಜಾತಿ. ಕಳಿಸಿದವರ ಹೆಸರು, ವಿಷಯ, ಕೆಲವೊಮ್ಮೆ ಮೊದಲ ಎರಡು ಸಾಲು. ಗಂಟೆಯ ಸದ್ದು ಕೋಣೆಯಲ್ಲಿ ಹತ್ತು ಜನ ಕೇಳಿದರೂ ಅದರ ಅರ್ಥ ನನಗೆ ಮಾತ್ರ. ಮಾತು ಹಾಗಲ್ಲ, ಕೇಳಿದವರೆಲ್ಲರಿಗೂ ಅರ್ಥ ಆಗುತ್ತದೆ. ಸ್ಕ್ರೀನಿಗೆ ಬೇಕಾದರೆ ಪ್ರೈವೆಸಿ ಫಿಲ್ಮ್ ಅಂಟಿಸಬಹುದು, ಪಕ್ಕದವ ಇಣುಕಿದರೆ ಕೋನ ತಿರುಗಿಸಬಹುದು. ಗಾಳಿಗೆ ಅಂಟಿಸುವ ಫಿಲ್ಮ್ ಇಲ್ಲ.

ಮಾತಾಡುವ ಯಂತ್ರಗಳೆಲ್ಲ ಕೆಟ್ಟವು ಅಂತ ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು "ಜ್ಯೋತಿ, ಕಂಕನಾಡಿ, ಪಂಪ್‌ವೆಲ್" ಅಂತ ಒಂದೇ ಉಸಿರಿನಲ್ಲಿ ಕೂಗುವುದನ್ನು ಕೇಳಿ ಬೆಳೆದವ ನಾನು. ಮೀನು ಮಾರುವ ಹೆಂಗಸಿನ ಬುಟ್ಟಿಯ ಪಕ್ಕ ಕೂತ ಸೌಂಡ್‌ಬಾಕ್ಸ್ "ಇನ್ನೂರ ನಲುವತ್ತು ರೂಪಾಯಿ ಬಂದಿದೆ" ಎಂದರೆ ನನಗೆ ಖುಷಿಯೇ. ಅವರ ಕೈಯಲ್ಲಿ ಮೀನು, ಕತ್ತಿ. ಫೋನ್ ತೆಗೆದು ನೋಡಲು ಆಗುವುದಿಲ್ಲ. ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಹೋಗುವ ಸಭ್ಯರೂ ಉಂಟು. ಆ ಪೆಟ್ಟಿಗೆಯನ್ನು ಅವರು ಬೇಕೆಂದು ತಂದದ್ದು. ಅದು ಹೇಳುವ ಸಂಗತಿ ಅಲ್ಲಿ ನಿಂತ ಇಬ್ಬರಿಗೂ ಮೊದಲೇ ಗೊತ್ತಿರುವುದು. ನನ್ನ ಮೇಲ್ ಪ್ರೋಗ್ರಾಮಿನ ಹೆಂಗಸನ್ನು ಇದರ ಪಕ್ಕ ನಿಲ್ಲಿಸಿ ನೋಡಿ. ಕರೆದವರಿಲ್ಲ, ನನ್ನ ಎರಡೂ ಕೈ ಖಾಲಿ ಇದ್ದವು, ಹೇಳಿದ ಸಂಗತಿ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಕಣ್ಣು ಕಾಣದವರಿಗೆ ಅನುಕೂಲ ಅಲ್ವಾ?" ಎನ್ನುವುದು ಇದಕ್ಕೆ ಬರುವ ದೊಡ್ಡ ಉತ್ತರ. ಈ ಉತ್ತರದ ಮೇಲೆ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು. ಕಾಲೇಜಿನ ನನ್ನ ದೋಸ್ತಿ ಒಬ್ಬನಿಗೆ ದೃಷ್ಟಿ ಇಲ್ಲ, ಬ್ಯಾಂಕಿನಲ್ಲಿ ಕೆಲಸ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುತ್ತಾನೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಶುರು ಮಾಡಿ, ಆಮೇಲೆ ಜೇಮ್ಸ್ ಟೆ ಜೊತೆ ಸೇರಿ ಬೆಳೆಸಿದ್ದು. ಇಬ್ಬರಿಗೂ ದೃಷ್ಟಿ ಇಲ್ಲ. ಉಚಿತ ಸಾಫ್ಟ್‌ವೇರು, ಕನ್ನಡವನ್ನೂ ಓದುತ್ತದೆ, ದನಿ ಸ್ವಲ್ಪ ತಗಡು. ಅವನು ಅದನ್ನು ಓಡಿಸುವ ಸ್ಪೀಡಿನಲ್ಲಿ ನನಗೆ ಒಂದು ಶಬ್ದವೂ ಹಿಡಿಯುವುದಿಲ್ಲ. ಕೌಂಟರಿನಲ್ಲಿ ಒಂದು ಕಿವಿಗೆ ಇಯರ್‌ಫೋನ್ ಹಾಕಿರುತ್ತಾನೆ, ಗಿರಾಕಿಯ ಬ್ಯಾಲೆನ್ಸು ಇನ್ನೊಬ್ಬ ಗಿರಾಕಿಗೆ ಕೇಳಬಾರದೆಂದು. ಅದರಲ್ಲಿ ಕಂಟ್ರೋಲ್ ಕೀ ಒತ್ತಿದರೆ ಮಾತು ತಕ್ಷಣ ನಿಲ್ಲುತ್ತದೆ. ಶಿಫ್ಟ್ ಒತ್ತಿದರೆ ಅಲ್ಲಿಗೇ ತಡೆದು ನಿಲ್ಲುತ್ತದೆ, ಮತ್ತೆ ಒತ್ತಿದರೆ ಅಲ್ಲಿಂದಲೇ ಮುಂದೆ. ಮಾತನ್ನೇ ಪೂರ್ತಿ ಬಂದ್ ಮಾಡುವುದಕ್ಕೂ ಒಂದು ಶಾರ್ಟ್‌ಕಟ್ ಉಂಟು. ಮೆನು ಇಲ್ಲ, ಟಿಕ್ ಇಲ್ಲ. "ಮಾತಾಡ್ಸುದು ಯಾರಿಗೂ ಬರ್ತದೆ ಮಾರಾಯ. ನಿಲ್ಲಿಸ್ಲಿಕ್ಕೆ ಆಗ್ತದಾ, ಅದು ಕೇಳು" ಅಂದ ಅವನು. ಅವನ ರೀಡರ್ ಒಂದು ಸಾಲು ಓದುತ್ತಿರುವಾಗ ಇನ್ನೊಂದು ಪ್ರೋಗ್ರಾಮು ತನ್ನಷ್ಟಕ್ಕೆ ಬಾಯಿ ತೆರೆದರೆ ಎರಡು ದನಿ ಒಂದರ ಮೇಲೊಂದು ಬಿದ್ದು ಅವನ ಕೆಲಸವೇ ನಿಲ್ಲುತ್ತದೆ. ನನಗೆ ಅದು ಕಿರಿಕಿರಿ. ಅವನಿಗೆ, ನನ್ನ ಸ್ಕ್ರೀನಿನ ಮೇಲೆ ಯಾರೋ ಬಟ್ಟೆ ಹೊದೆಸಿದ ಹಾಗೆ.

ಹಾಗಾದರೆ ಮಾತು ನಿಜಕ್ಕೂ ಬೇಕಾದವರು ತಮಗೋಸ್ಕರ ಕಟ್ಟಿಕೊಂಡ ಯಂತ್ರದಲ್ಲಿ ಸುಮ್ಮನಿರಿಸುವ ಕೀಲಿ ಕಿರುಬೆರಳಿಗೆ ಎಟಕುವಲ್ಲಿ ಉಂಟು. ಮಾತು ಬೇಡದ ನಮಗೆ ಕೊಟ್ಟ ಯಂತ್ರದಲ್ಲಿ ಅದನ್ನು ಮೂರು ಮೆನುವಿನ ಅಡಿ ಹೂತಿಟ್ಟಿದ್ದಾರೆ. ಯಾಕೆ?

ಯಾಕೆಂದು ನನಗೆ ಗೊತ್ತುಂಟು, ಯಾಕೆಂದರೆ ನಾನೂ ಹೂತಿಟ್ಟವನೇ. ಹಿಂದಿನ ಕೆಲಸದಲ್ಲಿ ನಮ್ಮ ಟೀಮು ಒಂದು ಆ್ಯಪಿಗೆ ಹೊಸ ಅಲರ್ಟ್ ಮಾಡಿತ್ತು. ಡಿಫಾಲ್ಟ್ ಆನ್ ಇರಬೇಕೋ ಆಫ್ ಇರಬೇಕೋ ಎಂಬ ಚರ್ಚೆ ಹತ್ತು ನಿಮಿಷವೂ ನಡೆಯಲಿಲ್ಲ. ಆಫ್ ಇಟ್ಟರೆ ಯಾರೂ ಹುಡುಕಿ ಆನ್ ಮಾಡುವುದಿಲ್ಲ, ತಿಂಗಳ ಕೊನೆಗೆ ಗ್ರಾಫ್ ಚಪ್ಪಟೆ ಇರುತ್ತದೆ, ಮೇಲಿನವರು "ಇದನ್ನು ಯಾಕೆ ಮಾಡಿದ್ದು" ಎಂದು ಕೇಳುತ್ತಾರೆ. ಆನ್ ಇಟ್ಟರೆ ಎಲ್ಲರೂ ಬಳಸುತ್ತಿದ್ದಾರೆ ಎಂದು ಗ್ರಾಫ್ ಹೇಳುತ್ತದೆ. ಆನ್ ಮಾಡುವ ಒಂದು ಸಾಲು ಕೋಡ್ ಬರೆದವ ನಾನೇ. ಆವತ್ತು ಸಂಜೆ ಟೀಮಿನವರೆಲ್ಲ ಹೋಗಿ ಗಡ್‌ಬಡ್ ತಿಂದೆವು. ಆಫ್ ಮಾಡುವ ಜಾಗ ಯಾರಿಗೂ ಸಿಗುತ್ತಿಲ್ಲ ಎಂಬ ದೂರುಗಳು ಮುಂದಿನ ತಿಂಗಳು ಬಂದವು, ಅದಕ್ಕೆ ಯಾರೂ ಗ್ರಾಫ್ ಮಾಡಿರಲಿಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನ ಕೊಟ್ಟಾರದಲ್ಲೋ ಮುಡಿಪುವಿನಲ್ಲೋ ಬೆಂಗಳೂರಿನಲ್ಲೋ ಕೂತು ಇಂಥದ್ದೇ ಸಾಲು ಬರೆಯುವವರು. ಯಾವುದೋ ದೂರದ ದೈತ್ಯನನ್ನು ಬೈದು ಕೈ ತೊಳೆದುಕೊಳ್ಳುವ ಹಾಗಿಲ್ಲ ನಾವು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೊಂಬತ್ತರ ಹತ್ತಿರದ ಪ್ರಾಯದಲ್ಲಿ, ಆಧಾರ್ ವಿರುದ್ಧ. ಅಲ್ಲಿಂದ ಮುಂದೆ 2023ರಲ್ಲಿ ಡೇಟಾ ರಕ್ಷಣೆಯ ಕಾಯಿದೆ ಬಂತು, ಅದರಲ್ಲಿ ಒಪ್ಪಿಗೆ ಎಂದರೆ ಮನುಷ್ಯ ತಾನಾಗಿ ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕು ಎಂದು ಬರೆದಿದ್ದಾರೆ. ನನ್ನ ಮಾಹಿತಿ ಸರ್ವರಿನಿಂದ ಸರ್ವರಿಗೆ ಹೋಗುವುದಕ್ಕೆ ಇಷ್ಟು ಮಾತು. ನನ್ನ ಹಾಲಿನಲ್ಲಿ ಗಟ್ಟಿಯಾಗಿ ಓದುವುದಕ್ಕೆ, ಅಪ್‌ಡೇಟಿನ ಓಕೆ ಸಾಕು.

ಇನ್ನೊಂದು, ಸ್ವಲ್ಪ ವಕ್ರವಾದ ಹೋಲಿಕೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನ ವಾಸಿಸುವ ಜಾಗದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರ ನಂತರ 45. ಇದೇ ನಿಯಮದ ಮಾತು ಬಂದು 2022ರಲ್ಲಿ ಕಟೀಲು ಮೇಳದ ಆಟ ಕಾಲಮಿತಿಗೆ ಇಳಿದಾಗ ಊರಿಡೀ ಅದೇ ಚರ್ಚೆ. ಬೆಳಗಿನ ತನಕ ಆಗುತ್ತಿದ್ದ ಸೇವೆಯಾಟಕ್ಕೆ ಗಂಟೆ ನೋಡಿ ಮಂಗಳ ಹಾಡಬೇಕಾಯಿತು. ಸರಿಯೋ ತಪ್ಪೋ, ಅದು ಬೇರೆ ಲೇಖನ. ಭಾಗವತರಿಗೆ ಗಡಿಯಾರ ತೋರಿಸಿದ ನಾವು, ನಡುರಾತ್ರಿ ಒಂದು ಗಂಟೆಗೆ ಹಾಸಿಗೆಯ ಪಕ್ಕ ಲೋನ್ ಆಫರ್ ಓದುವ ದನಿಗೆ ಏನೂ ಹೇಳುವುದಿಲ್ಲ. ಗಟ್ಟಿತನದ ಅಳತೆಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ ಎನ್ನುವುದು ಗೊತ್ತು. ಆದರೆ ಆಟದ ಚೆಂಡೆ ಯಾರ ಹೆಸರನ್ನೂ ಹಿಡಿದು ಗುಟ್ಟು ಹೇಳಿದ್ದಿಲ್ಲ.

"ಇಷ್ಟು ಬರೆಯುವ ಬದಲು ಆಫ್ ಮಾಡಿ" ಎನ್ನುವವರಿಗೆ: ಮಾಡಿದೆ. ಎಲ್ಲೆಲ್ಲಿ ಎಂದು ಕೇಳಿ. ಮೇಲ್ ಪ್ರೋಗ್ರಾಮಿನೊಳಗೆ ಒಂದು, ಅದು ಅಕೌಂಟ್ ಅಕೌಂಟಿಗೂ ಬೇರೆ. ಔಟ್‌ಲುಕ್‌ನ ಹಳೆಯ ಡೆಸ್ಕ್‌ಟಾಪ್ ರೂಪದಲ್ಲಾದರೆ ಫೈಲ್, ಆಪ್ಷನ್ಸ್, ಮೇಲ್ ಎಂದು ಇಳಿದು "ಮೆಸೇಜ್ ಅರೈವಲ್" ಎಂಬಲ್ಲಿ ಸದ್ದಿನ ಟಿಕ್ ಉಂಟು. ಥಂಡರ್‌ಬರ್ಡ್‌ನಲ್ಲಿ ಸೆಟ್ಟಿಂಗ್ಸಿನ ಜನರಲ್ ಪುಟದಲ್ಲಿ, ಹೊಸ ಮೇಲ್ ಬಂದಾಗ ಎಂಬ ಕಡೆ. ಇವೆರಡೂ ಬರೀ ಸದ್ದು ಮಾಡುವವು, ಪಾಪ. ಮಾತು ಬೇರೆ ಕಡೆಯಿಂದ ಬರುತ್ತದೆ. ವಿಂಡೋಸ್ ತನ್ನಷ್ಟಕ್ಕೆ ಸ್ಕ್ರೀನ್ ಓದಲು ಶುರು ಮಾಡಿದರೆ ಅದು ನರೇಟರ್. ಕಂಟ್ರೋಲ್, ವಿಂಡೋಸ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ನಿಲ್ಲುತ್ತದೆ. ಮ್ಯಾಕಿನಲ್ಲಿ ಆಕ್ಸೆಸಿಬಿಲಿಟಿಯ ಒಳಗೆ "ಸ್ಪೀಕ್ ಅನೌನ್ಸ್‌ಮೆಂಟ್ಸ್" ನೋಡಿ. ಐಫೋನಿನಲ್ಲಿ ನೋಟಿಫಿಕೇಷನ್ಸ್ ಒಳಗೆ "ಅನೌನ್ಸ್ ನೋಟಿಫಿಕೇಷನ್ಸ್", ಅದರೊಳಗೆ ಆ್ಯಪುಗಳ ಪಟ್ಟಿ, ಒಂದೊಂದಾಗಿ. ಆಂಡ್ರಾಯ್ಡಿನಲ್ಲಿ ಗೂಗಲ್ ಅಸಿಸ್ಟೆಂಟಿನ ಹೆಡ್‌ಫೋನ್ ಸೆಟ್ಟಿಂಗಿನೊಳಗೆ ಓದಿ ಹೇಳುವ ಇನ್ನೊಂದು ಸ್ವಿಚ್. ಕೆಲವು ಇಯರ್‌ಬಡ್‌ಗಳಿಗೆ ತಮ್ಮದೇ ಆ್ಯಪ್, ಅದರಲ್ಲೂ ಒಂದು. ಇವುಗಳ ಹೆಸರೂ ಜಾಗವೂ ಪ್ರತಿ ದೊಡ್ಡ ಅಪ್‌ಡೇಟಿನಲ್ಲಿ ಬದಲಾಗುತ್ತವೆ, ಆದ್ದರಿಂದ ಈ ಪ್ಯಾರಾ ಹಳತಾಗಿ ನಿಮಗೆ ಸಿಕ್ಕರೆ ನನ್ನನ್ನು ಬೈಯಬೇಡಿ.

ನಾನು ಕೇಳುತ್ತಿರುವುದು ದೊಡ್ಡದೇನೂ ಅಲ್ಲ. ಹೆಸರು ಮತ್ತು ವಿಷಯವನ್ನು ಬಾಯಿಬಿಟ್ಟು ಓದುವ ಯಾವುದೇ ಸೌಲಭ್ಯ ನಾನು ಕರೆಯುವ ತನಕ ಆಫ್ ಇರಲಿ. ಕರೆದರೆ ಮೊದಲ ಸಲ ಇಯರ್‌ಫೋನಿಗೆ ಮಾತ್ರ ಬರಲಿ, ಸ್ಪೀಕರಿಗೂ ಬೇಕಾ ಎಂದು ಬೇರೆಯಾಗಿ ಕೇಳಲಿ. ಮಾತಾಡುತ್ತಿರುವಾಗ ಒಂದು ಕೀ ಒತ್ತಿದರೆ ನಿಲ್ಲಲಿ, ಎನ್‌ವಿಡಿಎ ಎಷ್ಟೋ ವರ್ಷದಿಂದ ಮಾಡುತ್ತಿರುವ ಹಾಗೆ. ಮುಂದಿನ ಸ್ಪ್ರಿಂಟಿನಲ್ಲಿ ನಿಮ್ಮ ಮುಂದೆ ಇಂಥ ಟಿಕೆಟ್ ಬಂದಾಗ ಡಿಫಾಲ್ಟ್ ಯಾವುದು ಎಂಬಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ಜಗಳ ಮಾಡಿ. ಗ್ರಾಫ್ ಚಪ್ಪಟೆ ಇದ್ದರೆ ಇರಲಿ.

ನಮ್ಮ ಮನೆಯಲ್ಲಿ ಸದ್ಯಕ್ಕೆ ವ್ಯವಸ್ಥೆ ಬದಲಾಗಿದೆ. ಲ್ಯಾಪ್‌ಟಾಪಿನಿಂದ ನನ್ನ ಸ್ವಂತ ಅಕೌಂಟ್ ತೆಗೆದೆ. ಅಮ್ಮನ ತಾಳಮದ್ದಳೆಗೆ ಅಕ್ಕನ ಹಳೆಯ ಫೋನು, ಅದರಲ್ಲಿ ಸಿಮ್ಮೂ ಇಲ್ಲ, ಮೇಲ್ ಅಕೌಂಟೂ ಇಲ್ಲ. ಮೊದಲ ಶನಿವಾರ ಅದನ್ನು ಸ್ಪೀಕರಿಗೆ ಜೋಡಿಸುವಾಗ, ಹೊಸ ಫೋನು ಸಿಕ್ಕಿದ್ದಕ್ಕೆ ಸ್ಪೀಕರಿನೊಳಗಿನ ಇನ್ನೊಬ್ಬ ಹೆಂಗಸು "ಕನೆಕ್ಟೆಡ್" ಅಂದಳು. ಅಮ್ಮ ಕೈ ಎತ್ತಿ ನನ್ನನ್ನು ತಡೆದು, ಅವಳು ಮುಂದೆ ಇನ್ನೇನಾದರೂ ಹೇಳುತ್ತಾಳೋ ಎಂದು ಸ್ವಲ್ಪ ಹೊತ್ತು ಕಿವಿಗೊಟ್ಟು ಕಾದರು. ಆಮೇಲೆ "ಹಾಕು" ಅಂದರು.